ಎದುರುಗಾಳಿ ಮತ್ತು ಸಂಕಲ್ಪ

ಸಂಕಲ್ಪವನ್ನು ಕೈಗೊಳ್ಳಲು ಒಂದು ಕ್ಷಣ ಸಾಕು. ಅದನ್ನು ಕಾಪಾಡಿಕೊಳ್ಳುವ ಕಾರ್ಯವಾದರೋ ಅನುಕ್ಷಣವೂ ನಡೆಯಬೇಕಾದುದು. ಈ ಎರಡರ ನಡುವೆ ಒಂದು ನೈತಿಕ ಪ್ರಶ್ನೆ ಅಡಗಿದೆ. ದೃಢಚಿತ್ತನೆಂದರೆ ಎಂದಿಗೂ ಮಾರ್ಗದಿಂದ ಸರಿಯದವನೇ, ಅಥವಾ ಸರಿದೊಡನೆ ಎಚ್ಚೆತ್ತು ಮರಳುವವನೇ? ಮೊದಲನೆಯದೇ ಸತ್ಯವೆಂದಾದರೆ, ಒಮ್ಮೆ ಎಡವಿದವನಿಗೆ ಉಳಿಯುವುದು ನಿರಾಶೆ, ಇಲ್ಲವೇ ಎಡವಲೇ ಇಲ್ಲವೆಂಬ ಕಪಟ. ಎರಡನೆಯದೇ ಸತ್ಯವೆಂದಾದರೆ, ‘ಹೇಗೂ ಮರಳಬಹುದಲ್ಲ’ ಎಂಬ ಸಡಿಲತೆಗೆ ಬಾಗಿಲು ತೆರೆದಂತಾಗುತ್ತದೆ. ಈ ಪ್ರಶ್ನೆಯನ್ನು ಬರಿಯ ಶಬ್ದಗಳಿಂದ ಬಿಡಿಸಲೆತ್ನಿಸುವುದಕ್ಕಿಂತ ಪ್ರತ್ಯಕ್ಷವಾದ ಒಂದು ಕಾರ್ಯದಲ್ಲಿ ಪರೀಕ್ಷಿಸಿ ನೋಡುವುದು ಲೇಸು. ಚಿಕ್ಕ ಹಾಯಿದೋಣಿಯೊಂದನ್ನು ಮೋಟಾರಿನ ಬಲದಿಂದ ಎದುರುಗಾಳಿಯಲ್ಲಿ ನಡೆಸುವ ನಾವಿಕನ ಕಾರ್ಯ ಅಂತಹುದು.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯು ಇಂತಹ ನಾವಿಕರಿಗೆ ಒಂದು ಪಾಠಶಾಲೆಯಂತಿದೆ. ಬೇಸಗೆಯಲ್ಲಿ ಒಳನಾಡಿನ ವಿಶಾಲವಾದ ಕಣಿವೆಯು ಬಿಸಿಲಿಗೆ ಕಾಯುತ್ತದೆ. ಹೊರಗಿನ ಪೆಸಿಫಿಕ್ ಸಾಗರವಾದರೋ ತಣ್ಣಗೇ ಇರುತ್ತದೆ. ಕಣಿವೆಯ ಬಿಸಿಗಾಳಿ ಮೇಲೇರಲು, ಆ ಸ್ಥಳವನ್ನು ತುಂಬುವುದಕ್ಕಾಗಿ ಸಾಗರದ ತಂಪುಗಾಳಿ ಒಳನುಗ್ಗುತ್ತದೆ. ಕರಾವಳಿಯ ಬೆಟ್ಟಗಳ ನಡುವೆ ಅದಕ್ಕೆ ದೊರೆಯುವ ಹೆದ್ದಾರಿಯೇ ಗೋಲ್ಡನ್ ಗೇಟ್ ಎಂಬ ಜಲಸಂಧಿ. 1937ರಲ್ಲಿ ಸಂಚಾರಕ್ಕೆ ತೆರೆದ ಪ್ರಸಿದ್ಧವಾದ ತೂಗುಸೇತುವೆ ಇರುವುದು ಇದರ ಮೇಲೆಯೇ. ಸೇತುವೆಯಿಂದ ಸುಮಾರು 15 ಕಿಲೋಮೀಟರು ಪೂರ್ವಕ್ಕೆ, ಕೊಲ್ಲಿಯ ಎದುರು ದಂಡೆಯಲ್ಲಿ, ಬರ್ಕ್ಲಿ ನಗರದ ದೋಣಿನಿಲ್ದಾಣವಿದೆ. ಬೇಸಗೆಯ ಅಪರಾಹ್ಣದಲ್ಲಿ ಗಂಟೆಗೆ 30ರಿಂದ 45 ಕಿಲೋಮೀಟರು ವೇಗದ ಗಾಳಿ ಅಲ್ಲಿ ಸಾಮಾನ್ಯ. ದಂಡೆಯ ಬಳಿ ನೀರು ಆಳವಿಲ್ಲದುದರಿಂದ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಬೆನ್ನಿಗೊಂದು ಏಳುತ್ತವೆ. ಅಲ್ಲಿಂದ ಪಶ್ಚಿಮಕ್ಕೆ ಹೊರಟ ದೋಣಿಗೆ ಗಾಳಿ ನೇರವಾಗಿ ಮುಖಕ್ಕೇ ಬೀಸುತ್ತದೆ.

ಕೇವಲ ಹಾಯಿಯಿಂದ ಯಾವ ದೋಣಿಯೂ ಗಾಳಿಯ ಕಣ್ಣಿಗೆ ನೇರವಾಗಿ ಸಾಗಲಾರದು. ಗಾಳಿಯ ದಿಕ್ಕಿನಿಂದ ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಬಲಕ್ಕೂ ಒಮ್ಮೆ ಎಡಕ್ಕೂ ಹೊರಳುತ್ತ ಅದು ಮುಂದುವರಿಯಬೇಕು. ಹೊತ್ತು ಮುಳುಗುತ್ತಿರುವಾಗ ಇಷ್ಟು ಸುತ್ತಲು ವ್ಯವಧಾನವಿಲ್ಲದೆ ನಾವಿಕನು ಹಾಯಿಯನ್ನು ಇಳಿಸಿ, ಹಿಂಬದಿಗೆ ತಗುಲಿಸಿದ ಚಿಕ್ಕ ಮೋಟಾರನ್ನು ಚಾಲೂ ಮಾಡುತ್ತಾನೆ. ಯಂತ್ರವಿದೆಯಾದ್ದರಿಂದ ಇನ್ನು ಚಿಂತೆಯಿಲ್ಲವೆಂದು ಹೊಸಬನು ಭಾವಿಸುತ್ತಾನೆ. ನಿಜವಾದ ಕಷ್ಟ ಆರಂಭವಾಗುವುದು ಆಗಲೇ.

ಹಾಯಿದೋಣಿಯ ಮೊನೆ ಹಗುರವಾಗಿಯೂ ನೀರಿನಿಂದ ಎತ್ತರವಾಗಿಯೂ ಇರುತ್ತದೆ. ನೀರಿನಲ್ಲಿ ಅದರ ಹಿಡಿತ ಅತ್ಯಲ್ಪ. ಗಾಳಿ ನೇರವಾಗಿ ಮೊನೆಗೆ ಬಡಿಯುವವರೆಗೆ ಎರಡು ಪಾರ್ಶ್ವಗಳ ಮೇಲೆಯೂ ಒತ್ತಡ ಸಮವಾಗಿರುತ್ತದೆ. ಒಂದು ಅಲೆ ಮೊನೆಯನ್ನು ತುಸುವೇ ಸರಿಸಿದರೂ ಗಾಳಿಗೆ ದೋಣಿಯ ಮಗ್ಗುಲು ಸಿಕ್ಕುತ್ತದೆ. ಮಗ್ಗುಲು ಸಿಕ್ಕಿದಷ್ಟೂ ನೂಕು ಹೆಚ್ಚು. ನೂಕು ಹೆಚ್ಚಿದಷ್ಟೂ ಮಗ್ಗುಲು ಇನ್ನಷ್ಟು ತೆರೆದುಕೊಳ್ಳುತ್ತದೆ. ತಡೆಯದಿದ್ದರೆ ಕೆಲವೇ ಕ್ಷಣಗಳಲ್ಲಿ ದೋಣಿ ಗಾಳಿಗೆ ಅಡ್ಡಲಾಗಿ ನಿಲ್ಲುತ್ತದೆ. ಸರಿಪಡಿಸಬೇಕಾದ ಚುಕ್ಕಾಣಿಯೋ ನೀರು ತನ್ನನ್ನು ದಾಟಿ ಹರಿಯುತ್ತಿರುವಾಗ ಮಾತ್ರ ಕೆಲಸ ಮಾಡಬಲ್ಲುದು; ವೇಗ ಕುಗ್ಗಿದ ದೋಣಿಯಲ್ಲಿ ಅದು ಬರಿಯ ಹಲಗೆ. ಇದಲ್ಲದೆ ಮೊನೆಯು ಅಲೆಯ ಹಿಂದಿನ ತಗ್ಗಿಗೆ ಇಳಿದಾಗ ಹಿಂಭಾಗ ಮೇಲೇಳುತ್ತದೆ. ಮೋಟಾರಿನ ಪ್ರೊಪೆಲರ್ ನೀರಿನಿಂದ ಹೊರಬಂದು ಗಿರಗಿರನೆ ತಿರುಗುತ್ತದೆ. ಆಗ ಸದ್ದು ಹೆಚ್ಚುತ್ತದೆ, ಮುನ್ನಡೆ ನಿಲ್ಲುತ್ತದೆ.

ಇನ್ನೊಂದು ವಿಷಯವೂ ಗಮನಾರ್ಹ. ಗಂಟೆಗೆ 32 ಕಿಲೋಮೀಟರು ವೇಗದ ಗಾಳಿಗೆ ಎದುರಾಗಿ 8 ಕಿಲೋಮೀಟರು ವೇಗದಿಂದ ಹೋಗುವ ದೋಣಿಗೆ ಬಡಿಯುವ ಗಾಳಿಯ ವೇಗ 40 ಕಿಲೋಮೀಟರು. ಅದೇ ದೋಣಿ ಹಿಂದಿರುಗಿ ಗಾಳಿಯೊಡನೆ ಸಾಗಿದರೆ ಅದಕ್ಕೆ ತಗಲುವುದು 24 ಕಿಲೋಮೀಟರು ಮಾತ್ರ. ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಸಾರವಾಗಿ ಏರುವುದರಿಂದ ಈ ಎರಡು ಸ್ಥಿತಿಗಳ ಒತ್ತಡದಲ್ಲಿ ಎರಡೂವರೆ ಪಟ್ಟಿಗಿಂತ ಹೆಚ್ಚಿನ ಅಂತರವಿದೆ. ಗಾಳಿ ಬದಲಾಗಿಲ್ಲ, ಬದಲಾದುದು ದೋಣಿಯ ದಿಕ್ಕು. ಉಪವಾಸದ ದಿನ ಮಧ್ಯಾಹ್ನದ ಹಸಿವು ಎಂದಿಗಿಂತ ಪ್ರಬಲವಾಗಿ ತೋರುವುದೂ, ಮೌನದ ದಿನವೇ ಆಡಬೇಕಾದ ಮಾತುಗಳು ಗುಂಪುಗೂಡಿ ಬರುವುದೂ ಹೀಗೆಯೇ. ಆ ಒತ್ತಡವನ್ನು ಕಂಡು ‘ತಾನು ಇತರರಿಗಿಂತ ದುರ್ಬಲ’ ಎಂದು ಕುಗ್ಗುವವನು ತಪ್ಪು ಲೆಕ್ಕ ಹಾಕುತ್ತಾನೆ. ಪ್ರವಾಹದೊಡನೆ ಸಾಗುವವನಿಗೆ ಪ್ರವಾಹದ ಬಲ ತಿಳಿಯದು.

ಹಾಗಾದರೆ ನಿಪುಣನಾದ ನಾವಿಕನು ಮಾಡುವುದೇನು? ಮೊದಲು, ದೋಣಿಯ ನಡುವೆ ನೀರಿಗಿಳಿಯುವ ಹಲಗೆಯಿದ್ದರೆ ಅದನ್ನು ಪೂರ್ತಿಯಾಗಿ ಇಳಿಸುತ್ತಾನೆ. ಹಾಯಿ ಇಲ್ಲದಾಗ ಅದರ ಅಗತ್ಯವಿಲ್ಲವೆಂದು ತೋರಿದರೂ, ಪಕ್ಕಕ್ಕೆ ಜಾರದಂತೆ ತಡೆಯುವುದು ಅದೇ. ಮೊನೆಯ ಮೇಲೆ ಗುಪ್ಪೆಯಾಗಿ ಬಿದ್ದಿರುವ ಮುಂದಿನ ಹಾಯಿಯನ್ನು ಮಡಿಸಿ ಒಳಗಿಡುತ್ತಾನೆ. ಗಾಳಿಗೆ ಸಿಕ್ಕುವ ವಸ್ತು ಮುಂದೆ ಎಷ್ಟಿದ್ದರೆ ಅಷ್ಟು ಅಪಾಯ. ಪ್ರೊಪೆಲರ್ ನೀರಿನಲ್ಲಿ ಮುಳುಗಿರುವಂತೆ ಜೊತೆಯವರನ್ನು ಹಿಂದಕ್ಕೆ ಕೂರಿಸುತ್ತಾನೆ. ಚುಕ್ಕಾಣಿಗೆ ಹಿಡಿತ ಸಿಕ್ಕುವಷ್ಟು ವೇಗವನ್ನು ಬಿಡದೆ ಕಾಯ್ದುಕೊಳ್ಳುತ್ತಾನೆ. ದೂರದಲ್ಲಿ ಎರಡು ಗುರುತುಗಳನ್ನು, ಉದಾಹರಣೆಗೆ ಕೊಲ್ಲಿಯ ನಡುವಣ ಅಲ್ಕಟ್ರಾಸ್ ದ್ವೀಪದ ಒಂದು ಅಂಚನ್ನೂ ಅದರ ಹಿಂದೆ ಕಾಣುವ ದಂಡೆಯ ಒಂದು ಗುರುತನ್ನೂ, ಒಂದೇ ಸಾಲಿನಲ್ಲಿಟ್ಟು ನೋಡುತ್ತಾನೆ. ಒಂದೇ ಗುರುತನ್ನು ನೋಡುವವನು ಮೊನೆ ಅದರತ್ತಲೇ ಇದ್ದರೂ ತಿಳಿಯದೆ ಪಕ್ಕಕ್ಕೆ ಜಾರಬಹುದು. ಎರಡು ಗುರುತುಗಳು ಬೇರ್ಪಟ್ಟೊಡನೆ ಜಾರಿದುದು ಬಯಲಾಗುತ್ತದೆ.

ಎಲ್ಲಕ್ಕಿಂತ ಮಿಗಿಲಾಗಿ ಅವನ ಕೈ ಎಂದಿಗೂ ಸುಮ್ಮನಿರುವುದಿಲ್ಲ, ಎಂದಿಗೂ ಆತುರಪಡುವುದೂ ಇಲ್ಲ. ಮೊನೆ ಸರಿಯಲು ತೊಡಗುತ್ತಲೇ ಚುಕ್ಕಾಣಿಯನ್ನು ಅಲ್ಪವಾಗಿ ತಿರುಗಿಸಿ, ದೋಣಿ ಉತ್ತರ ಕೊಡುವವರೆಗೆ ಕಾದು, ಮತ್ತೆ ನಡುವಿಗೆ ತರುತ್ತಾನೆ. ಹೊಸಬನು ತಡವಾಗಿ ಕಾಣುತ್ತಾನೆ. ಕಂಡೊಡನೆ ಗಾಬರಿಯಿಂದ ಪೂರ್ತಿ ತಿರುಗಿಸುತ್ತಾನೆ. ಹಾಗೆ ಅಡ್ಡಲಾದ ಚುಕ್ಕಾಣಿ ದಿಕ್ಕನ್ನು ತಿದ್ದುವುದಕ್ಕಿಂತ ವೇಗವನ್ನು ತಡೆಯುತ್ತದೆ. ಮೊನೆ ಎದುರು ಪಾರ್ಶ್ವಕ್ಕೆ ಹೊರಳಿ ಅಲ್ಲಿಯೂ ಗಾಳಿಗೆ ಸಿಕ್ಕುತ್ತದೆ. ತನ್ನ ಸಣ್ಣ ಲೋಪಕ್ಕಾಗಿ ತನ್ನನ್ನು ಮಿತಿಮೀರಿ ದಂಡಿಸಿಕೊಂಡು, ಇಂದು ಒಂದು ಹೊತ್ತು ತಪ್ಪಿದುದಕ್ಕೆ ನಾಳೆ ಅಸಾಧ್ಯವಾದ ನಿಯಮವನ್ನು ತೊಟ್ಟು, ಅದೂ ಮುರಿದಾಗ ಎಲ್ಲವನ್ನೂ ಕೈಬಿಡುವವನು ಈ ಹೊಸಬನ ಸಹೋದರನೇ ಸರಿ.

ಮೊನೆ ತುಂಬ ದೂರ ಸರಿದು ದೋಣಿ ನಿಂತೇ ಹೋದರೆ ಸಣ್ಣ ತಿದ್ದುಪಡಿಗಳು ನಿಷ್ಫಲ. ಆಗ ಅನುಭವಿಯು ಜಗ್ಗಾಡುವುದಿಲ್ಲ. ಸುತ್ತಲೂ ಸ್ಥಳವಿದ್ದರೆ ದೋಣಿಯನ್ನು ಗಾಳಿಯೊಡನೆ ಪೂರ್ಣವಾಗಿ ತಿರುಗಗೊಟ್ಟು, ವೇಗವನ್ನು ಗಳಿಸಿಕೊಂಡು, ಒಂದು ಸುತ್ತು ಬಂದು ಮತ್ತೆ ಗಾಳಿಗೆ ಮುಖಮಾಡುತ್ತಾನೆ. ಕೆಲವು ಗಜಗಳಷ್ಟು ದೂರ ನಷ್ಟವಾದುದನ್ನು ಒಪ್ಪಿಕೊಳ್ಳುತ್ತಾನೆ. ಅತಿಚಾರಕ್ಕೂ ಅನಾಚಾರಕ್ಕೂ ಹಿರಿಯರು ಮಾಡಿದ ವ್ಯತ್ಯಾಸವನ್ನು ಇಲ್ಲಿ ಸ್ಮರಿಸಬಹುದು. ಸರಿದುದನ್ನು ಅಲ್ಲಿಯೇ ತಿದ್ದಬಹುದು. ಮುರಿದುದನ್ನು ಮುರಿದಿಲ್ಲವೆಂದು ಎಳೆದಾಡದೆ, ನಷ್ಟವನ್ನು ಒಪ್ಪಿ, ಮೊದಲಿನಿಂದ ತೊಡಗಬೇಕು.

ಉಳಿದಿರುವುದು ಅತ್ಯಂತ ಕಠಿಣವಾದ ಪ್ರಶ್ನೆ. ಗಾಳಿ ಇನ್ನೂ ಬಲವಾದಾಗ ಜಾಣನಾದ ನಾವಿಕನು ನೇರಮಾರ್ಗವನ್ನೇ ಬಿಡುತ್ತಾನೆ. ದೊಡ್ಡ ಹಾಯಿಯನ್ನು ಏರಿಸಿ ದೋಣಿಯ ನಡುಗೆರೆಗೆ ಬಿಗಿದು, ಮೋಟಾರನ್ನೂ ಓಡಿಸುತ್ತ, ಗಾಳಿಗೆ ಇಪ್ಪತ್ತು ಮೂವತ್ತು ಡಿಗ್ರಿ ಓರೆಯಾಗಿ ಸಾಗುತ್ತಾನೆ. ದೂರ ಹೆಚ್ಚಿದರೂ ದೋಣಿ ಸ್ಥಿರವಾಗುತ್ತದೆ. ಅದೂ ಸಾಗದಿದ್ದರೆ ಬಂದರಿಗೆ ಹಿಂದಿರುಗುತ್ತಾನೆ. ಇದು ವಿವೇಕವೋ, ಸಂಕಲ್ಪಭಂಗವೋ?

ಹೊರಗಿನಿಂದ ನೋಡುವವನಿಗೆ ಇವೆರಡೂ ಒಂದೇ ತೆರನಾಗಿ ಕಾಣುತ್ತವೆ. ಭೇದವಿರುವುದು ನಿರ್ಧಾರ ಹುಟ್ಟಿದ ಸಮಯದಲ್ಲಿ. ಇಂಧನದ ಮೂರನೆಯ ಒಂದು ಭಾಗ ಹೋಗುವುದಕ್ಕೆ, ಒಂದು ಭಾಗ ಬರುವುದಕ್ಕೆ, ಉಳಿದ ಭಾಗ ಆಪತ್ತಿಗೆ ಎಂಬುದು ದೋಣಿ ನಡೆಸುವವರಲ್ಲಿ ಪ್ರಚಲಿತವಾದ ನಿಯಮ. ದಂಡೆಯಲ್ಲಿ ಶಾಂತಚಿತ್ತನಾಗಿ ಈ ಮಿತಿಯನ್ನು ಗೊತ್ತುಮಾಡಿಕೊಂಡವನು ಅದು ಬಂದಾಗ ತಿರುಗಿದರೆ ತನ್ನ ನಿಯಮವನ್ನು ಪಾಲಿಸಿದಂತಾಯಿತು. ಮಿತಿಯನ್ನೇ ಯೋಚಿಸದೆ ಹೊರಟು, ಮುಖಕ್ಕೆ ನೀರು ಎರಚಿದಾಗ ಕಾರಣವನ್ನು ಹುಡುಕಿ ತಿರುಗಿದವನು ಗಾಳಿಯ ಅಪ್ಪಣೆಯನ್ನು ಪಾಲಿಸಿದನು. ಮಿತಿ ಮೀರಿದ ಮೇಲೆಯೂ ಹಟದಿಂದ ಮುಂದುವರಿಯುವವನು ಇನ್ನೂ ದೊಡ್ಡ ತಪ್ಪನ್ನು ಎಸಗುತ್ತಾನೆ. ಆ ಕೊಲ್ಲಿಯ ನೀರು ಬೇಸಗೆಯಲ್ಲಿಯೂ ಕೊರೆಯುವಷ್ಟು ತಣ್ಣಗಿರುತ್ತದೆ. ದೋಣಿಯಲ್ಲಿ ಅವನೊಬ್ಬನೇ ಇರುವುದಿಲ್ಲ, ಮಡದಿ ಮಕ್ಕಳಿರಬಹುದು. ಅನ್ಯರ ಪ್ರಾಣವನ್ನು ಪಣವಾಗಿಡುವ ದೃಢತೆಗೆ ದೃಢತೆಯೆಂಬ ಹೆಸರು ಸಲ್ಲದು; ಅದು ಸಂಕಲ್ಪದ ವೇಷ ತೊಟ್ಟ ಅಹಂಕಾರ. ಯಥಾಶಕ್ತಿಯಾಗಿ ನಿಯಮವನ್ನು ತೆಗೆದುಕೊಳ್ಳಬೇಕೆಂದು ಹಿರಿಯರು ಹೇಳುವಾಗ ಶಕ್ತಿಯ ಅಳತೆಯನ್ನು ಮೊದಲೇ ಪ್ರಾಮಾಣಿಕವಾಗಿ ಮಾಡಬೇಕೆಂಬುದೂ ಅದರಲ್ಲಿ ಸೇರಿದೆ.

ಇಷ್ಟನ್ನು ಪರಿಭಾವಿಸಿದರೆ ಆರಂಭದ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಎಂದೂ ಸರಿಯದ ದೋಣಿ ಕಟ್ಟೆಗೆ ಕಟ್ಟಿದ ದೋಣಿ ಮಾತ್ರ. ಸಾಗುವ ದೋಣಿ ಸರಿಯುತ್ತಲೇ ಇರುತ್ತದೆ, ಮರಳುತ್ತಲೇ ಇರುತ್ತದೆ. ‘ಹೇಗೂ ಮರಳಬಹುದಲ್ಲ’ ಎಂದು ಕೈಯನ್ನು ಸಡಿಲಿಸುವವನಿಗೆ ಗಾಳಿಯೇ ಉತ್ತರ ಕೊಡುತ್ತದೆ: ತಡಮಾಡಿದಷ್ಟೂ ಮರಳುವ ಬೆಲೆ ಏರುತ್ತದೆ. ಆದುದರಿಂದ ನಿಯಮ ಹಿಡಿದವರು ಪ್ರತಿದಿನ ಸಂಜೆ ತಮ್ಮನ್ನು ಕೇಳಿಕೊಳ್ಳಬೇಕಾದುದು ‘ಇಂದು ಸರಿದೆನೇ?’ ಎಂಬುದಕ್ಕಿಂತ ಹೆಚ್ಚಾಗಿ ‘ಸರಿದುದನ್ನು ಎಷ್ಟು ಬೇಗ ಕಂಡೆ?’ ಎಂಬುದನ್ನು. ಹೀಗೆ ಕೇಳಿಕೊಳ್ಳುವವರಿಗೆ ಎದುರುಗಾಳಿಯ ಭಯವಿಲ್ಲ. ತಮ್ಮ ಲೋಪವನ್ನು ಮರೆಮಾಡುವ ಅಗತ್ಯವೂ ಇಲ್ಲ.