ಕಾಗದದ ಕಿರೀಟ

ನವರಾತ್ರಿಯು ಸಮೀಪಿಸಿತೆಂದರೆ ಮೈಸೂರು ನಗರದ ಅನೇಕ ಮನೆಗಳಲ್ಲಿ ಗೊಂಬೆಗಳ ಪೆಟ್ಟಿಗೆಗಳು ಅಟ್ಟದಿಂದಿಳಿಯುತ್ತವೆ. ಮೆಟ್ಟಿಲುಗಳ ಮೇಲೆ ಪಟ್ಟದ ಗೊಂಬೆಗಳನ್ನು ಕೂರಿಸುತ್ತಿರುವಾಗಲೇ ಪಕ್ಕದ ಕೊಠಡಿಯಲ್ಲಿ ಬಾಲಕರ ನಾಟಕದ ಸಿದ್ಧತೆಯೂ ನಡೆಯುವುದುಂಟು. ರಟ್ಟನ್ನು ಕತ್ತರಿಸಿ, ಮೈದಾಹಿಟ್ಟಿನ ಅಂಟಿನಿಂದ ಬಂಗಾರದ ಕಾಗದವನ್ನು ಹಚ್ಚಿದರೆ ಧರ್ಮರಾಯನ ಕಿರೀಟ. ಒಣಗಿದ ಸೋರೆಬುರುಡೆಗೆ ಬಿದಿರಿನ ಹಿಡಿಯನ್ನು ಸಿಕ್ಕಿಸಿದರೆ ಭೀಮನ ಗದೆ. ತೆಂಗಿನ ನಾರು ವಿಶ್ವಾಮಿತ್ರನ ಗಡ್ಡ. ಹರಿದ ಸೀರೆಯ ಜರಿಯಂಚು ದ್ರೌಪದಿಯ ಡಾಬು.

ಇದರ ಮೇಲೆ ಎರಡು ಆಕ್ಷೇಪಗಳು ಹುಟ್ಟುತ್ತವೆ. ಅಲ್ಲದುದನ್ನು ಹೌದೆಂದು ತೋರಿಸುವುದು ಅನೃತವಲ್ಲವೆ, ಎಳೆಯರಿಗೆ ಅದರ ಅಭ್ಯಾಸವು ತಕ್ಕುದೆ ಎಂಬುದು ಮೊದಲನೆಯದು. ಮನೆಯ ಕಸದಿಂದ ಪುಣ್ಯಪುರುಷರ ಭೂಷಣಗಳನ್ನು ಮಾಡುವುದು ಅನಾದರವಲ್ಲವೆ, ಬಾಡಿಗೆಗೆ ಒಳ್ಳೆಯ ವೇಷಗಳು ದೊರೆಯುವಾಗ ಈ ಶ್ರಮವೇಕೆ ಎಂಬುದು ಎರಡನೆಯದು.

ಮೊದಲನೆಯದಕ್ಕೆ ಪ್ರಾಚೀನ ಆಲಂಕಾರಿಕನಾದ ಶಂಕುಕನ ಚಿತ್ರತುರಗನ್ಯಾಯವೇ ಸಮಾಧಾನ. ಚಿತ್ರದಲ್ಲಿ ಕುದುರೆಯನ್ನು ಕಂಡವನು ‘ಇದು ಕುದುರೆ’ ಎನ್ನುತ್ತಾನೆ. ಆ ಜ್ಞಾನವು ಯಥಾರ್ಥವೂ ಅಲ್ಲ, ಭ್ರಾಂತಿಯೂ ಅಲ್ಲ, ಸಂಶಯವೂ ಅಲ್ಲ, ಬರಿಯ ಸಾದೃಶ್ಯವೂ ಅಲ್ಲ. ನಟನಲ್ಲಿ ರಾಮನನ್ನು ಕಾಣುವುದೂ ಹಾಗೆಯೇ. ಕಳ್ಳನಾಣ್ಯವನ್ನು ಮಾಡುವವನು ತನ್ನ ಕೆಲಸವು ಯಾರಿಗೂ ತಿಳಿಯಬಾರದೆಂದು ಬಯಸುತ್ತಾನೆ. ಕಿರೀಟವನ್ನು ಮಾಡಿದ ಬಾಲಕನಾದರೋ ‘ಇದು ಬರಿಯ ರಟ್ಟೆ!’ ಎಂದು ನೋಡುವವರು ಬೆರಗಾಗಲೆಂದೇ ಹಾರೈಸುತ್ತಾನೆ. ವಂಚನೆಯು ಮರೆಯನ್ನು ಬೇಡುತ್ತದೆ, ನಾಟ್ಯವು ಸಮ್ಮತಿಯನ್ನು ಬೇಡುತ್ತದೆ. ಅದೇ ಹುಸಿಚಿನ್ನವನ್ನು ಬೀದಿಯಲ್ಲಿ ತೊಟ್ಟು ಸಾಲವನ್ನೆತ್ತಿದರೆ ಅದು ಅನೃತವೇ ಸರಿ. ದೋಷವು ವಸ್ತುವಿನಲ್ಲಿಲ್ಲ, ಅಭಿಪ್ರಾಯದಲ್ಲಿದೆ.

ಎರಡನೆಯದಕ್ಕೆ ಭರತಮುನಿಯೇ ಉತ್ತರವನ್ನಿತ್ತಿದ್ದಾನೆ. ಆಹಾರ್ಯಾಭಿನಯವನ್ನು ವಿವರಿಸುವಲ್ಲಿ, ರಂಗದ ಆಯುಧಗಳನ್ನು ಕಬ್ಬಿಣದಿಂದ ಮಾಡಲಾಗದೆಂದೂ, ಭಾರವಾದ ಆಭರಣಗಳಿಂದ ನಟನು ಬೆವತು ಬಳಲುವನೆಂದೂ ಹೇಳಿ, ಅರಗು, ಬಟ್ಟೆ, ಜೇನುಮೇಣ, ಅಭ್ರಕ ಮುಂತಾದ ಹಗುರವಾದ ದ್ರವ್ಯಗಳನ್ನು ವಿಧಿಸುತ್ತಾನೆ. ಯಕ್ಷಗಾನದ ಕಿರೀಟ ಭುಜಕೀರ್ತಿಗಳು ಹಗುರವಾದ ಮರಕ್ಕೆ ಬೇಗಡೆಯನ್ನು ಹಚ್ಚಿದವಾಗಿದ್ದುದೂ ಈ ಮಾರ್ಗವೇ. ಗುಬ್ಬಿ ವೀರಣ್ಣನವರ ಕಂಪನಿಯು ‘ಕುರುಕ್ಷೇತ್ರ’ ನಾಟಕದಲ್ಲಿ ಜೀವಂತವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಜನರನ್ನು ಬೆರಗುಗೊಳಿಸಿತು, ದಿಟ. ಆದರೆ ಆ ಆನೆಯೂ ಕುರುಕ್ಷೇತ್ರದ ಆನೆಯಲ್ಲ. ಅದೂ ಒಂದು ಪ್ರತಿನಿಧಿಯೇ.

ಪ್ರತಿನಿಧಿಯ ವಿಷಯದಲ್ಲಿ ಜೈಮಿನಿಸೂತ್ರಗಳ 6ನೆಯ ಅಧ್ಯಾಯದ ವಿಚಾರವು ಇಲ್ಲಿ ಸ್ಮರಣೀಯವಾಗಿದೆ. ವ್ರೀಹಿಯು ದೊರೆಯದಿದ್ದರೆ ನೀವಾರಧಾನ್ಯವಾಗಬಹುದು, ಸೋಮಲತೆಗೆ ಬದಲು ಪೂತೀಕವಾಗಬಹುದು. ಆದರೆ ದೇವತೆಗೆ, ಮಂತ್ರಕ್ಕೆ, ಕ್ರಿಯೆಗೆ ಪ್ರತಿನಿಧಿಯಿಲ್ಲ. ಚಿನ್ನದ ಬದಲು ರಟ್ಟನ್ನು ತಂದ ಬಾಲಕನು ದ್ರವ್ಯವನ್ನು ಮಾತ್ರ ಬದಲಿಸಿದನು. ಯೋಚನೆ, ಅಳತೆ, ತಾಳ್ಮೆಗಳು ಅವನವೇ ಆಗಿ ಉಳಿದುವು. ಬಾಡಿಗೆಯ ವೇಷದಲ್ಲಿ ಬದಲಾಗುವುದು ಕ್ರಿಯೆಯೇ.

ಬಾಡಿಗೆಗೆ ತರುವುದು ಪಾಪವೆಂದು ಹೇಳಿದಂತಾಗಲಿಲ್ಲ. ನಾಟಕದಲ್ಲಿ ಅಭಿನಯವು ಪ್ರಧಾನ, ವೇಷವು ಅಂಗ. ಬಿಡುವಿಲ್ಲದ ತಾಯಿತಂದೆಗಳಿಗೆ ಅಂಗಡಿಯು ಉಪಕಾರವನ್ನೇ ಮಾಡುತ್ತದೆ. ಆದರೆ ಬಾಡಿಗೆಯ ವೇಷವೇ ಮರ್ಯಾದೆಯ ಅಳತೆಗೋಲಾದಲ್ಲಿ, ಹಣವಿಲ್ಲದ ಮನೆಯ ಹುಡುಗನು ಚೆನ್ನಾಗಿ ಮಾತು ಬಲ್ಲವನಾದರೂ ಪಾತ್ರವನ್ನು ಬಿಟ್ಟುಕೊಡಬೇಕಾಗುತ್ತದೆ, ಇಲ್ಲವೆ ತನ್ನ ರಟ್ಟಿನ ಕಿರೀಟಕ್ಕಾಗಿ ನಾಚಬೇಕಾಗುತ್ತದೆ. ಅನಾದರವೆಂಬುದು ಇದ್ದರೆ ಅದು ಇಲ್ಲಿದೆ. ಜೇಡಿಮಣ್ಣಿನ ಗಣಪತಿಗೆ ಕೈಮುಗಿಯುವವರು ರಟ್ಟಿನ ಧರ್ಮರಾಯನನ್ನು ನೋಡಿ ನಗುವುದು ಯಾವ ನ್ಯಾಯ?

ಆದುದರಿಂದ ಶಾಲೆಗಳವರೂ ಗೃಹಸ್ಥರೂ ಮಾಡಬೇಕಾದುದು ದೊಡ್ಡದೇನೂ ಅಲ್ಲ. ಹಳೆಯ ರಟ್ಟು, ಜರಿ, ಬೆಂಕಿಪೊಟ್ಟಣ, ಬುರುಡೆಗಳನ್ನು ಎಸೆಯದೆ ಒಂದು ಬುಟ್ಟಿಯಲ್ಲಿ ಹಾಕಿಡಲಿ; ಮಕ್ಕಳಿಗೆ ಒಂದು ಕತ್ತರಿಯನ್ನೂ ಎರಡು ದಿನಗಳ ಬಿಡುವನ್ನೂ ಕೊಡಲಿ; ಸೊಟ್ಟಗಾದ ಕಿರೀಟವನ್ನು ತಾವು ತಿದ್ದದಿರಲಿ. ಬಾಡಿಗೆಯ ಕಿರೀಟವು ಮರುದಿನ ಅಂಗಡಿಗೆ ಹಿಂದಿರುಗುತ್ತದೆ. ಅದನ್ನು ಮಾಡಬಲ್ಲ ಕೈಯಾದರೋ ಮನೆಯಲ್ಲೇ ಉಳಿಯುತ್ತದೆ.