ಚೆಂಡು ತಿರುಗದ ಲೆಗ್ ಸ್ಪಿನ್ನರ್

ಅನಿಲ್ ಕುಂಬ್ಳೆ 1990ರಲ್ಲಿ ಟೆಸ್ಟ್ ಆಡಲು ಶುರುಮಾಡಿದ ಮೇಲೆ ವರ್ಷಗಟ್ಟಲೆ ಒಂದೇ ದೂರು ಕೇಳಿಬರುತ್ತಿತ್ತು: ಇವರ ಚೆಂಡು ತಿರುಗುವುದಿಲ್ಲ. ದೂರಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅವರ ಬಳಿ ಇದ್ದ ಬಂಡವಾಳವೇ ಬೇರೆ. ಎತ್ತರದ ಆಳು, ಹುಡುಗನಾಗಿದ್ದಾಗ ಮಧ್ಯಮ ವೇಗದ ಬೌಲಿಂಗ್ ಮಾಡಿ ಪಳಗಿದ ತೋಳು, ಗುರಿಯಿಟ್ಟ ಜಾಗದಲ್ಲೇ ಚೆಂಡು ಬೀಳಿಸುವ ಹಿಡಿತ. ಇವನ್ನೆಲ್ಲ ಬದಿಗಿಟ್ಟು ಅವರು ಇನ್ನೊಬ್ಬ ಶೇನ್ ವಾರ್ನ್ ಆಗಲು ಹೊರಡಲಿಲ್ಲ. ವೇಗವಾಗಿ ಬಂದು ಪುಟಿದೇಳುವ, ಒಮ್ಮೊಮ್ಮೆ ಪುಟಿಯದೆ ನೇರ ಪ್ಯಾಡಿಗೇ ನುಗ್ಗುವ ಚೆಂಡನ್ನು ಬೇಸರವಿಲ್ಲದೆ ದಿನವಿಡೀ ಹಾಕಿದರು. 1999ರ ಫೆಬ್ರುವರಿಯಲ್ಲಿ ದೆಹಲಿಯ ಕೋಟ್ಲಾ ಮೈದಾನದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು 74 ರನ್ ಕೊಟ್ಟು ಕಿತ್ತರು. 132 ಟೆಸ್ಟ್‌ಗಳಲ್ಲಿ 619 ವಿಕೆಟ್ ಪಡೆದು ನಿವೃತ್ತರಾದರು. ಹುದ್ದೆಯ ಹೆಸರು ಕೊನೆಯವರೆಗೂ ಲೆಗ್ ಸ್ಪಿನ್ನರ್ ಎಂದೇ ಇತ್ತು. ಆ ಹೆಸರಿನೊಳಗಿನ ಕೆಲಸವನ್ನು ಮಾತ್ರ ಅವರು ತಮ್ಮ ಬಲಕ್ಕೆ ತಕ್ಕಂತೆ ಕಟ್ಟಿಕೊಂಡರು. ತನಗೆ ಒಗ್ಗುವ ಉದ್ಯೋಗ ಯಾವುದೆಂದು ಹುಡುಕುವವರು ಹುದ್ದೆಯ ಹೆಸರನ್ನು ಬಿಟ್ಟು ಅದರೊಳಗಿನ ದಿನವನ್ನು ನೋಡಬೇಕು ಎಂಬುದು ನನ್ನ ವಾದ.

ನಮ್ಮವರಲ್ಲಿ ಈ ನೋಟ ಕಡಿಮೆ. ಊರಿಂದ ಫೋನು ಬಂದರೆ, ಮದುವೆಮನೆಯಲ್ಲಿ ನೆಂಟರು ಸಿಕ್ಕರೆ, ಕೇಳುವುದು ‘ಈಗ ಏನಾಗಿದ್ದೀಯಪ್ಪಾ?’ ಎಂದು. ದಿನವಿಡೀ ಏನು ಮಾಡುತ್ತೀಯ ಎಂದು ಯಾರೂ ಕೇಳುವುದಿಲ್ಲ. ಹತ್ತು ವರ್ಷ ಕೋಡ್ ಬರೆದವರು ಮ್ಯಾನೇಜರ್ ಆಗದಿದ್ದರೆ ಎಲ್ಲೋ ಹಿಂದೆ ಬಿದ್ದರು ಎಂಬ ಭಾವನೆ ಮನೆಯಲ್ಲೂ ಇರುತ್ತದೆ, ಅವರೊಳಗೂ ಇರುತ್ತದೆ. ಒಂದು ಕೆಲಸದಲ್ಲಿ ಗೆದ್ದವರನ್ನು ಮೇಲಿನ ಕೆಲಸಕ್ಕೆ ಏರಿಸುತ್ತಾ ಹೋದರೆ ಕೊನೆಗೆ ಅವರು ತಮಗೆ ಆಗದ ಕೆಲಸದಲ್ಲಿ ಹೋಗಿ ನಿಲ್ಲುತ್ತಾರೆ ಎಂದು ಲಾರೆನ್ಸ್ ಪೀಟರ್ 1969ರಲ್ಲೇ ತಮ್ಮ ಪುಸ್ತಕದಲ್ಲಿ ಹೇಳಿದ್ದರು. ಅದನ್ನು ಬಹುಕಾಲ ಜನ ವಿನೋದವೆಂದೇ ಓದಿದರು. ಆಮೇಲೆ ಬೆನ್ಸನ್, ಲಿ ಮತ್ತು ಶೂ ಎಂಬ ಮೂವರು ಅರ್ಥಶಾಸ್ತ್ರಜ್ಞರು ಅಮೆರಿಕದ ಹಲವು ಕಂಪನಿಗಳ ಮಾರಾಟಗಾರರ ದಾಖಲೆಗಳನ್ನು ಜಾಲಾಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮಾತಿಗೆ ಪುರಾವೆ ಒದಗಿಸಿತು. ಹೆಚ್ಚು ಮಾರಿದವರಿಗೆ ಬಡ್ತಿ ಸಿಗುವ ಸಂಭವ ಹೆಚ್ಚು. ಆದರೆ ಅಂಥವರು ಮ್ಯಾನೇಜರ್ ಆದಾಗ ಅವರ ಕೈಕೆಳಗಿನವರ ಮಾರಾಟ ಕುಸಿಯುತ್ತಿತ್ತು. ಇತರರ ಜೊತೆ ಸೇರಿ ಮಾರಾಟ ಮಾಡಿ ರೂಢಿಯಿದ್ದವರು ಒಳ್ಳೆಯ ಮ್ಯಾನೇಜರ್‌ಗಳಾಗುತ್ತಿದ್ದರು, ಆದರೂ ಬಡ್ತಿ ಕೊಡುವಾಗ ಆ ಗುಣಕ್ಕೆ ತಕ್ಕ ಬೆಲೆಯಿರಲಿಲ್ಲ. ಇದರಲ್ಲಿ ನಷ್ಟ ಕಂಪನಿಗಷ್ಟೇ ಅಲ್ಲ. ಚೆನ್ನಾಗಿ ಮಾಡುತ್ತಿದ್ದ ಕೆಲಸ ಕೈತಪ್ಪಿ, ಒಲ್ಲದ ಕೆಲಸ ಹೆಗಲೇರಿದ ಒಬ್ಬ ಮನುಷ್ಯನ ಇಪ್ಪತ್ತು ವರ್ಷಗಳೂ ಆ ಲೆಕ್ಕದಲ್ಲಿ ಸೇರಬೇಕು.

ಹಾಗಾದರೆ ತನ್ನ ಬಲ ಯಾವುದೆಂದು ತಿಳಿಯುವುದು ಹೇಗೆ? ಇಷ್ಟವಾದದ್ದೇ ಬಲ ಎನ್ನುವಂತಿಲ್ಲ; ಸಂಗೀತವನ್ನು ಪ್ರಾಣದಂತೆ ಪ್ರೀತಿಸಿಯೂ ಶ್ರುತಿ ಸೇರದವರಿದ್ದಾರೆ. ಮ್ಯಾನೇಜ್‌ಮೆಂಟ್ ಚಿಂತಕ ಪೀಟರ್ ಡ್ರಕರ್ ಸೂಚಿಸಿದ ದಾರಿ ಸರಳ. ಮುಖ್ಯವಾದ ಕೆಲಸವೊಂದನ್ನು ಕೈಗೆತ್ತಿಕೊಂಡಾಗ ಏನಾಗಬಹುದೆಂದು ಬರೆದಿಡುವುದು, ಒಂಬತ್ತು ತಿಂಗಳೋ ವರ್ಷವೋ ಕಳೆದ ಮೇಲೆ ಆದದ್ದನ್ನು ಅದರ ಪಕ್ಕದಲ್ಲಿಟ್ಟು ನೋಡುವುದು. ನೆನಪು ನಮ್ಮ ಪರ ವಹಿಸುತ್ತದೆ, ಬರಹ ಹಾಗೆ ಮಾಡುವುದಿಲ್ಲ. ಇದಕ್ಕೆ ನಾನು ಇನ್ನೊಂದನ್ನು ಸೇರಿಸುತ್ತೇನೆ: ಒಂದು ವಾರದ ಕೆಲಸವನ್ನು ಗಂಟೆಗಳಾಗಿ ಬಿಡಿಸಿ ಬರೆಯಿರಿ. ಒಂದೇ ತಂಡದಲ್ಲಿ, ಒಂದೇ ಹುದ್ದೆಯಲ್ಲಿರುವ ಇಬ್ಬರನ್ನು ತೆಗೆದುಕೊಳ್ಳಿ. ಸಾವಿರಾರು ಸಾಲುಗಳ ಲಾಗ್ ಫೈಲಿನಲ್ಲಿ ತಪ್ಪಿರುವ ಒಂದು ಸಾಲನ್ನು ಪಟ್ಟುಹಿಡಿದು ಹುಡುಕುವಾಗ ಒಬ್ಬರಿಗೆ ಊಟದ ಹೊತ್ತು ಮೀರಿದ್ದೇ ತಿಳಿಯುವುದಿಲ್ಲ. ಇನ್ನೊಬ್ಬರು ರೇಗಿಕೊಂಡಿರುವ ಗ್ರಾಹಕರೊಡನೆ ಅರ್ಧ ಗಂಟೆ ಮಾತಾಡಿ, ಅವರಿಗೆ ನಿಜವಾಗಿ ಬೇಕಾದದ್ದೇನೆಂದು ತಿಳಿದುಕೊಂಡು ಬರುತ್ತಾರೆ. ಇಬ್ಬರ ರೆಸ್ಯೂಮೆಯಲ್ಲೂ ಒಂದೇ ಪದವಿರುತ್ತದೆ. ಬಲ ಕಾಣುವುದು ಆ ಗಂಟೆಗಳಲ್ಲಿ.

ಇಷ್ಟು ಹೇಳುವಾಗ ಎದುರಾಗುವ ಆಕ್ಷೇಪವನ್ನು ಪರದೇಶದಲ್ಲಿರುವ ಕನ್ನಡಿಗರು ಚೆನ್ನಾಗಿ ಬಲ್ಲರು: ಆರಿಸಿಕೊಳ್ಳುವ ಸ್ವಾತಂತ್ರ್ಯವಾದರೂ ಎಲ್ಲಿದೆ? ಅಮೆರಿಕದ ಎಚ್‌-1ಬಿ ವೀಸಾ ಒಬ್ಬ ಮಾಲೀಕರಿಗೆ, ಒಂದು ಬಗೆಯ ಕೆಲಸಕ್ಕೆ ಕಟ್ಟುಬಿದ್ದದ್ದು. ಕಂಪನಿಯ ಮೂಲಕ ಹಾಕುವ ಗ್ರೀನ್ ಕಾರ್ಡ್ ಅರ್ಜಿಯೂ ನಿರ್ದಿಷ್ಟ ಹುದ್ದೆಯ ವಿವರಕ್ಕೆ ಅಂಟಿಕೊಂಡಿರುತ್ತದೆ. ಒಂದೊಂದು ದೇಶಕ್ಕೆ ಶೇ 7ರ ಮಿತಿಯಿರುವುದರಿಂದ ಭಾರತದಲ್ಲಿ ಹುಟ್ಟಿದವರ ಸರದಿ ವರ್ಷಾನುಗಟ್ಟಲೆ ಉದ್ದ. ಸಾಲದ ಕಂತು, ಮಕ್ಕಳ ಶಾಲೆ, ಊರಿನಲ್ಲಿ ವಯಸ್ಸಾದ ಅಪ್ಪ-ಅಮ್ಮ. ಇವೆಲ್ಲ ಇರುವಾಗ ಕೆಲಸ ಬಿಟ್ಟು ಬಲ ಹುಡುಕಿರಿ ಎಂದು ಉಪದೇಶಿಸುವುದು ಅನ್ಯಾಯ. ಆ ಉಪದೇಶ ನನ್ನದಲ್ಲ; ಇರುವ ಹುದ್ದೆಯೊಳಗೇ ಜಾಗ ಹುಡುಕಿಕೊಳ್ಳಬಹುದು ಎನ್ನುತ್ತೇನೆ. ಸಂಶೋಧಕರಾದ ಏಮಿ ರೆಸ್ನೆಸ್ಕಿ ಮತ್ತು ಜೇನ್ ಡಟನ್ 2001ರ ತಮ್ಮ ಲೇಖನದಲ್ಲಿ ಆಸ್ಪತ್ರೆ ಶುಚಿ ಮಾಡುವವರ ಉದಾಹರಣೆ ಕೊಟ್ಟಿದ್ದಾರೆ. ಹುದ್ದೆ ಒಂದೇ ಆದರೂ ಕೆಲವರು ಒಪ್ಪಿಸಿದಷ್ಟು ಗುಡಿಸಿ ಒರೆಸಿ ಹೋಗುತ್ತಿದ್ದರು. ಮತ್ತೆ ಕೆಲವರು ವಾರ್ಡಿನ ಕೆಲಸದ ಗತಿ ನೋಡಿ ತಮ್ಮ ಹೊತ್ತು ಹೊಂದಿಸಿಕೊಂಡು, ರೋಗಿಗಳನ್ನೂ ಅವರನ್ನು ನೋಡಲು ಬಂದವರನ್ನೂ ಮಾತಾಡಿಸುತ್ತಾ, ತಮ್ಮನ್ನು ಶುಶ್ರೂಷೆಯ ಭಾಗವೆಂದೇ ತಿಳಿದಿದ್ದರು. ಅಷ್ಟು ಬಿಗಿಯಾದ ಕೆಲಸದಲ್ಲೇ ಇಷ್ಟು ಜಾಗವಿದ್ದರೆ, ನಮ್ಮ ಕಚೇರಿಗಳಲ್ಲಿ ಇನ್ನೂ ಹೆಚ್ಚಿನ ಜಾಗವಿರಬೇಕು. ಹೊಸಬರಿಗೆ ಕಲಿಸುವ ಹೊಣೆಯನ್ನು ಕೇಳಿ ಪಡೆಯಲು, ಯಾರಿಗೂ ಬೇಡವಾದ ದಾಖಲೆ ಬರೆಯುವ ಕೆಲಸವನ್ನು ತನ್ನದಾಗಿಸಿಕೊಳ್ಳಲು ವೀಸಾ ಅಡ್ಡ ಬರುವುದು ಅಪರೂಪ.

ಸಾಧಿಸಿದರೆ ಸಬಳವನ್ನೂ ನುಂಗಬಹುದು ಎಂದು ನಂಬಿದವರು, ಈ ಬಲ ಬಲಹೀನತೆಯ ಮಾತೆಲ್ಲ ಸೋಮಾರಿಗಳ ನೆಪ ಎನ್ನಬಹುದು. ಸಾಧನೆಯನ್ನು ನಾನು ಅಲ್ಲಗಳೆಯುವುದಿಲ್ಲ. ಕುಂಬ್ಳೆಯಷ್ಟು ಬೆವರು ಸುರಿಸಿದವರು ವಿರಳ. ಆದರೆ ಆ ಬೆವರು ಅವರಲ್ಲಿ ಮೊದಲೇ ಇದ್ದದ್ದನ್ನು ಬೆಳೆಸಿತು, ಇಲ್ಲದ್ದನ್ನು ತಂದುಕೊಡಲಿಲ್ಲ. ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳ ವಿಷಯದಲ್ಲಂತೂ ಈ ವ್ಯತ್ಯಾಸವನ್ನು ನಾವು ಮರೆಯಬಾರದು.

ತನ್ನ ಬಲವನ್ನು ಸಂಬಳದ ಹಂಗಿಲ್ಲದೆ ಪರೀಕ್ಷಿಸಿ ನೋಡಲು ಪರದೇಶದಲ್ಲಿರುವ ನಮಗೊಂದು ಜಾಗ ಈಗಾಗಲೇ ಇದೆ: ಕನ್ನಡ ಕೂಟ. ರಾಜ್ಯೋತ್ಸವದ ಸಂಜೆ ಮೈಕು ಕೈಕೊಟ್ಟಾಗ ಗಲಿಬಿಲಿಯಿಲ್ಲದೆ ಕೇಬಲ್ ಹುಡುಕುವವರು, ಬಣ್ಣ ಹಚ್ಚಿಕೊಂಡು ಕಾದು ಸುಸ್ತಾದ ಮಕ್ಕಳನ್ನು ಕಥೆ ಹೇಳಿ ಕೂರಿಸುವವರು, ಊಟದ ಕೂಪನ್ ಲೆಕ್ಕವನ್ನು ಅದೇ ರಾತ್ರಿ ಮುಗಿಸುವವರು ಎಲ್ಲ ಕೂಟಗಳಲ್ಲೂ ಇದ್ದಾರೆ. ಅವರಲ್ಲಿ ಎಷ್ಟೋ ಮಂದಿಯ ಕಚೇರಿಗೆ ಅವರ ಈ ಗುಣ ಗೊತ್ತೇ ಇರುವುದಿಲ್ಲ. ಆದರೆ ಕೂಟದಲ್ಲೂ ಹೋದ ವರ್ಷ ಅಡುಗೆ ನೋಡಿಕೊಂಡವರಿಗೇ ಈ ವರ್ಷವೂ ಅಡುಗೆ ಒಪ್ಪಿಸುತ್ತೇವೆ, ಲೆಕ್ಕ ಬರೆದವರಿಗೇ ಲೆಕ್ಕ. ಮುಂದಿನ ಸಮಿತಿ ರಚನೆಯಾಗುವಾಗ, ದಯವಿಟ್ಟು, ನೀವು ಈವರೆಗೆ ಮಾಡದ ಒಂದು ಕೆಲಸಕ್ಕೆ ಹೆಸರು ಕೊಡಿ.