ನಗರಕ್ಕೆ ನೆಲದಡಿ, ತೋಟಕ್ಕೆ ತಲೆಮೇಲೆ

2020ರ ಅಕ್ಟೋಬರ್ 12ರ ಸೋಮವಾರವನ್ನು ಮುಂಬಯಿಯವರು ಮರೆತಿರಲಾರರು. ಬೆಳಗ್ಗೆ ಹತ್ತರ ಹೊತ್ತಿಗೆ ಇಡೀ ನಗರದ ಕರೆಂಟು ಹೋಯಿತು. ಲೋಕಲ್ ರೈಲುಗಳು ನಿಂತಲ್ಲೇ ನಿಂತವು. ಹೊರಗಿನ ಗ್ರಿಡ್ ಬಿದ್ದರೆ ಮುಂಬಯಿಯನ್ನು ಬೇರ್ಪಡಿಸಿ ಉಳಿಸಿಕೊಳ್ಳುವ ವ್ಯವಸ್ಥೆ 1981ರಿಂದ ಇತ್ತು. ಆ ದಿನ ಅದೂ ಕೈಕೊಟ್ಟಿತು. ದೋಷ ಹುಟ್ಟಿದ್ದು ನಗರದಲ್ಲಲ್ಲ, ಕಳವಾ–ಪಡಘಾ ನಡುವಿನ 400 ಕೆ.ವಿ. ಲೈನಿನಲ್ಲಿ.

ಆಮೇಲೆ ಎರಡು ಹೊಸ ಲೈನುಗಳಿಗೆ ಅವಸರ ಬಂತು. ಖಾರ್‌ಘರ್–ವಿಕ್ರೋಲಿ ಲೈನು 2023ರಲ್ಲಿ ಮುಗಿಯಿತು. ಇನ್ನೊಂದು, ಪಾಲ್‌ಘರ್ ಜಿಲ್ಲೆಯ ಕುಡೂಸ್‌ನಿಂದ ಮುಂಬಯಿಯ ಆರೆಗೆ ಬರುವ 80 ಕಿಲೋಮೀಟರಿನ ಡಿ.ಸಿ. ಲೈನು. ಅದರಲ್ಲಿ 30 ಕಿಲೋಮೀಟರ್ ಟವರುಗಳ ಮೇಲೆ, 50 ಕಿಲೋಮೀಟರ್ ನೆಲದಡಿ. ಟವರುಗಳು ಹಳ್ಳಿಯ ಕಡೆಗೆ, ಕೇಬಲ್ಲು ನಗರದ ಕಡೆಗೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ನಗರದಲ್ಲಿ ಟವರಿಗೆ ಜಾಗವೇ ಇಲ್ಲ ಎನ್ನುವುದು ನಿಜ. ಜಾಗ ಇರುವಲ್ಲಿ ಜನರೂ ಇರುತ್ತಾರೆ ಎನ್ನುವುದೂ ಅಷ್ಟೇ ನಿಜ.

ಮುಂಬಯಿಯ ಬೆಳಕಿಗೆ ಕಣಿವೆಯವರು ತೆತ್ತ ಲೆಕ್ಕ ಇಂದು ನಿನ್ನೆಯದಲ್ಲ. ಗಿರಣಿಗಳಿಗೆ ಜಲವಿದ್ಯುತ್ ಬೇಕೆಂದು ಟಾಟಾ ಕಂಪೆನಿ ಪುಣೆ ಜಿಲ್ಲೆಯ ಮುಳಶಿಯಲ್ಲಿ ಅಣೆಕಟ್ಟು ಕಟ್ಟಲು ಹೊರಟಾಗ, ಮುಳಾ ನದಿಯ ಕಣಿವೆಯ ಸುಮಾರು 50 ಹಳ್ಳಿಗಳ ಮಾವಳ ರೈತರು 1921ರ ರಾಮನವಮಿಯಂದು ಸತ್ಯಾಗ್ರಹಕ್ಕೆ ಕುಳಿತರು. ಅವರ ಮುಂದಾಳು ಸೇನಾಪತಿ ಬಾಪಟ್. ಕೆಲಸ ಕೆಲಕಾಲ ನಿಂತಿತು ಕೂಡ. ಆದರೆ ಆ ಭೂಮಿಯಲ್ಲಿ ಹೆಚ್ಚಿನದು ಪುಣೆಯ ಸಾಹುಕಾರರ ಕೈಯಲ್ಲಿತ್ತು. ಪರಿಹಾರದ ಮೊತ್ತ ಏರಿದರೆ ಅವರಿಗೆ ಸಾಕಿತ್ತು. ಗದ್ದೆಯಲ್ಲಿ ದುಡಿಯುವವನಿಗೆ ಗದ್ದೆಯೇ ಬೇಕಿತ್ತು. ಒಗ್ಗಟ್ಟು ಒಡೆದದ್ದು ಅಲ್ಲಿ. 1924ರ ಹೊತ್ತಿಗೆ ಹೋರಾಟ ಮುಗಿಯಿತು, ಬಾಪಟರು ಜೈಲು ಸೇರಿದರು. ಮುಳಶಿಯ ನೀರು ಘಟ್ಟ ಇಳಿದು ಭಿರಾದಲ್ಲಿ ವಿದ್ಯುತ್ತಾಗಿ ಮುಂಬಯಿಗೆ ಬಂತು. ದಾದರಿನಿಂದ ಲೋವರ್ ಪರೇಲಿನತ್ತ, ಹಳೆಯ ಗಿರಣಿಗಳ ಮಗ್ಗುಲಲ್ಲೇ ಸಾಗುವ ತುಳಸಿ ಪೈಪ್ ರೋಡಿಗೆ ಈಗ ಸೇನಾಪತಿ ಬಾಪಟ್ ಮಾರ್ಗವೆಂದು ಹೆಸರು. ಹೆಸರಿಡುವುದರಲ್ಲಿ ನಗರಗಳು ಎಂದೂ ಜಿಪುಣತನ ಮಾಡಿದ್ದಿಲ್ಲ.

ಇದನ್ನೆಲ್ಲ ನೆನಪಿಸುತ್ತಿರುವುದು ನಮ್ಮೂರಿನ ಲೈನಿನ ಕಾರಣಕ್ಕೆ. ಉಡುಪಿಯಿಂದ ಕಾಸರಗೋಡಿಗೆ ಎಳೆಯುವ 400 ಕೆ.ವಿ. ಲೈನನ್ನು ಕಾರ್ಕಳ ತಾಲೂಕಿನ ಇನ್ನಾದವರು, ಮೂಡುಬಿದಿರೆ, ವಿಟ್ಲ ಕಡೆಯ ಕೃಷಿಕರು ಕೆಲವು ವರ್ಷಗಳಿಂದ ವಿರೋಧಿಸುತ್ತಿದ್ದಾರೆ. ಮುಂಬಯಿಯ ಹೋಟೆಲುಗಳಲ್ಲಿ, ಬ್ಯಾಂಕುಗಳಲ್ಲಿ ದುಡಿದು ಬೆಳೆದ ನಮ್ಮಲ್ಲಿ ಎಷ್ಟೋ ಜನರ ಮನೆ, ತೋಟ ಇರುವುದು ಆ ಸೀಮೆಯಲ್ಲೇ. ಆದರೂ ಇಲ್ಲಿ ಕುಳಿತು ಕೇಳುವಾಗ "ಈ ಊರಿನವರಿಗೆ ಯಾವುದೂ ಬೇಡ" ಎಂಬ ಮಾತು ನಮ್ಮ ಬಾಯಿಗೂ ಬರುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ. 400 ಕೆ.ವಿ. ಲೈನಿಗೆ ಬೇಕಾದ ಓಣಿಯ ಅಗಲ 46 ಮೀಟರ್. ಚೌಕಾಕಾರದ ಒಂದು ಎಕರೆ ತೋಟದ ಒಂದು ಬದಿಯ ಉದ್ದವೇ ಸುಮಾರು 64 ಮೀಟರ್. ಲೈನು ನಟ್ಟನಡುವೆ ಹಾದರೆ ಎರಡೂ ಅಂಚಿನಲ್ಲಿ ಒಂಬತ್ತೊಂಬತ್ತು ಮೀಟರ್ ಉಳಿಯುತ್ತದೆ. ನಡುವೆ ಅಡಿಕೆ ಇಲ್ಲ, ತೆಂಗಿಲ್ಲ, ಮನೆ ಕಟ್ಟುವಂತಿಲ್ಲ. ಆದರೂ ಕಾಗದದಲ್ಲಿ ಜಾಗ ತೋಟದವನದೇ, ಏಕೆಂದರೆ ಲೈನಿಗಾಗಿ ಭೂಮಿಯನ್ನು ಸ್ವಾಧೀನ ಮಾಡಿಕೊಳ್ಳುವುದಿಲ್ಲ. 1885ರ ಟೆಲಿಗ್ರಾಫ್ ಕಾಯ್ದೆಯಿಂದ ಎರವಲು ತಂದ ಅಧಿಕಾರದಲ್ಲಿ ಬಳಸಿಕೊಳ್ಳುತ್ತಾರೆ, ಅಷ್ಟೆ. ಟೆಲಿಗ್ರಾಫ್ ಕಂಬಕ್ಕೂ ಈ ಟವರಿಗೂ ಇರುವ ಅಂತರ ತೋಟದವನಿಗೆ ಗೊತ್ತು.

ತಂತಿಯ ಕೆಳಗೆ ಓಡಾಡಿದರೇ ರೋಗ ಬರುತ್ತದೆ ಎಂಬಂಥ ಮಾತುಗಳೂ ವಿರೋಧದ ಸಭೆಗಳಲ್ಲಿ ಕೇಳಿಬರುತ್ತವೆ. ಅವನ್ನು ನಾನು ಒಪ್ಪುವುದಿಲ್ಲ. ಅವುಗಳಿಂದ ಗಟ್ಟಿ ವಾದವೂ ಸಡಿಲಾಗುತ್ತದೆ. ಎಲ್ಲ ಲೈನನ್ನೂ ಹೂಳಿಬಿಡಿ ಎನ್ನುವುದೂ ಸುಲಭವಲ್ಲ. ಎ.ಸಿ. ವಿದ್ಯುತ್ತನ್ನು ಕೇಬಲ್ಲಿನಲ್ಲಿ ದೂರ ಒಯ್ದಷ್ಟೂ ಕೇಬಲ್ಲಿನ ಸಾಮರ್ಥ್ಯದ ಹೆಚ್ಚೆಚ್ಚು ಪಾಲು ಅದನ್ನು ಚಾರ್ಜ್ ಮಾಡುವುದರಲ್ಲೇ ಮುಗಿಯುತ್ತದೆ. ಆರೆಗೆ ಡಿ.ಸಿ. ಲೈನು ತಂದದ್ದಕ್ಕೆ ಅದೂ ಒಂದು ಕಾರಣ. ಅದಕ್ಕೆ ಸಾವಿರಾರು ಕೋಟಿ ಖರ್ಚಾಗುತ್ತದೆ. ಮುಂಬಯಿಗೆ ಆ ಖರ್ಚು ಹೆಚ್ಚೆನಿಸಲಿಲ್ಲ.

ಪರಿಹಾರದ ಲೆಕ್ಕವನ್ನೂ ನೋಡಿ. ಟವರಿನ ಬುಡಕ್ಕೆ ಜಾಗದ ಬೆಲೆಯ ಶೇ. 200, ತಂತಿಯ ಕೆಳಗಿನ ಓಣಿಗೆ ಶೇ. 30 ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2024ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಮರುವರ್ಷ ಅದಕ್ಕೊಂದು ತಿದ್ದುಪಡಿ ಬಂದು, ಮಹಾನಗರಗಳಲ್ಲಿ ಓಣಿಯ ಪರಿಹಾರ ಶೇ. 60 ಆಯಿತು. ಹಳ್ಳಿಗೆ ಮೂವತ್ತೇ ಉಳಿಯಿತು. ನಗರದ ನೆಲದ ಬೆಲೆ ಮೊದಲೇ ಹಳ್ಳಿಯದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅದರ ಮೇಲೆ ಈ ಇಮ್ಮಡಿ.

ಊರಿನ ದೇವಸ್ಥಾನದ ಬ್ರಹ್ಮಕಲಶಕ್ಕೆ ಮುಂಬಯಿ ಸಮಿತಿ ಮಾಡಿ ಲಕ್ಷಗಟ್ಟಲೆ ಎತ್ತುವವರು ನಾವು. ಲೈನಿನ ನಕ್ಷೆಯನ್ನು ಸರ್ವೆಯವರು ಬರುವ ಮೊದಲೇ ಪಂಚಾಯತಿನಲ್ಲಿ ಜನರ ಮುಂದಿಡಿ, ಹೆದ್ದಾರಿಯ ಬದಿಯಲ್ಲಿ ಒಯ್ಯಬಹುದಾದಲ್ಲಿ ತೋಟ ಸೀಳಬೇಡಿ ಎಂದು ಅದೇ ಸಮಿತಿಯ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಬರೆಯಬಹುದು. ಅದಕ್ಕೆ ಚಂದಾ ಎತ್ತಬೇಕಾಗಿಯೂ ಇಲ್ಲ.